ಹಳೇ ಬೋರ್ಡಿಗೆ 3 ಟಿಬಿ ಡಿಸ್ಕ್ ಸಿಕ್ಕಿಸುವ ಮುನ್ನ ಇದನ್ನು ಓದಿ

ದಾವಣಗೆರೆಯ ಫೋಟೋ ಸ್ಟುಡಿಯೋ, ಡಿಟಿಪಿ ಅಂಗಡಿ, ಮಂಡಿಪೇಟೆಯ ಲೆಕ್ಕದ ಕೋಣೆಗಳಲ್ಲಿ ಇಂಟೆಲ್‌ನ ಜಿ31, ಜಿ41 ಚಿಪ್‌ಸೆಟ್ ಇರುವ ಹಳೇ ಮದರ್‌ಬೋರ್ಡಿನ ಕಂಪ್ಯೂಟರುಗಳು ಇನ್ನೂ ಓಡುತ್ತಿವೆ. ಹಳೇ ‘ನುಡಿ’ ತಂತ್ರಾಂಶದಲ್ಲಿ ಮಾಡಿಟ್ಟ ಲಗ್ನಪತ್ರಿಕೆ ಫೈಲುಗಳು, ವಿಂಡೋಸ್ ಎಕ್ಸ್‌ಪಿಗೆ ಮಾತ್ರ ಡ್ರೈವರ್ ಇರುವ, ವಿಡಿಯೋ ಇಳಿಸಿಕೊಳ್ಳುವ ಕ್ಯಾಪ್ಚರ್ ಕಾರ್ಡು, ಹೀಗೆ ಬಿಡಲಾಗದ ಕಾರಣ ಏನಾದರೂ ಇದ್ದೇ ಇರುತ್ತದೆ. ಬೋರ್ಡು ಗಟ್ಟಿ, ಓಡಿಸಲಿ. ಆದರೆ ಅದಕ್ಕೆ ದೊಡ್ಡ ಡಿಸ್ಕ್ ಹಾಕುವಾಗ ಏನಾಗಬಹುದು ಅನ್ನುವುದಕ್ಕೆ ಇಲ್ಲಿನ ಒಂದು ಮದುವೆ ವಿಡಿಯೋ ಸ್ಟುಡಿಯೋದ ಗತಿ ನೋಡಿ.

ಅವರ ಹತ್ತಿರ ಇದ್ದದ್ದು 3 ಟಿಬಿಯ ಯುಎಸ್‌ಬಿ ಎಕ್ಸ್‌ಟರ್ನಲ್ ಡಿಸ್ಕ್, ಅದರ ತುಂಬ ಮದುವೆಗಳು. ಡಬ್ಬಿಯ ಒಳಗಿನ ಸಣ್ಣ ಬೋರ್ಡು ಸುಟ್ಟಿತು, ಡಿಸ್ಕ್‌ಗೆ ಏನೂ ಆಗಿರಲಿಲ್ಲ. ರಿಪೇರಿಯವರು ಡಿಸ್ಕನ್ನು ಹೊರತೆಗೆದು ಜಿ41 ಬೋರ್ಡಿನ ಸಾಟಾ ಪೋರ್ಟಿಗೆ (ಒಳಗಿನ ಡಿಸ್ಕ್ ಜೋಡಿಸುವ ಕಿಂಡಿಗೆ) ನೇರವಾಗಿ ಸಿಕ್ಕಿಸಿದರು. ಎಕ್ಸ್‌ಪಿ ಅದನ್ನು 746 ಜಿಬಿ ಎಂದು ತೋರಿಸಿತು, ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳಿತು. ‘ಪಾರ್ಟಿಶನ್ ಹೋಗಿದೆ, ಫಾರ್ಮ್ಯಾಟ್ ಮಾಡಿ ಆಮೇಲೆ ರಿಕವರಿ ಹಾಕೋಣ’ ಎಂದು ಒತ್ತಿಬಿಟ್ಟರು. ಆ ಕ್ಷಣದವರೆಗೆ ಒಂದು ಫೈಲೂ ಹಾಳಾಗಿರಲಿಲ್ಲ.

746 ಎಲ್ಲಿಂದ ಬಂತು? 3 ಟಿಬಿ ಡಿಸ್ಕ್‌ನಲ್ಲಿ 512 ಬೈಟ್‌ನ 5,860,533,168 ಸೆಕ್ಟರುಗಳಿವೆ, ಸೆಕ್ಟರ್ ಅಂದರೆ ಡಿಸ್ಕ್ ಒಂದು ಸಲಕ್ಕೆ ಓದಿ ಬರೆಯುವ ಸಣ್ಣ ತುಂಡು. ಹಳೇ ಡ್ರೈವರುಗಳು ಸೆಕ್ಟರ್ ಸಂಖ್ಯೆಯನ್ನು 32 ಬಿಟ್‌ನಲ್ಲಿ ಇಡುತ್ತವೆ, ಅಂದರೆ 4,294,967,296ಕ್ಕೆ ಎಣಿಕೆ ಸುತ್ತಿ ಮತ್ತೆ ಸೊನ್ನೆಗೆ ಬರುತ್ತದೆ, ಸ್ಕೂಟರಿನ ಮೀಟರ್ ಸುತ್ತಿ ಬಂದ ಹಾಗೆ. ಉಳಿದ 1,565,565,872 ಸೆಕ್ಟರುಗಳೇ ಆ 746 ಜಿಬಿ. 4 ಟಿಬಿ ಹಾಕಿದರೆ ಇದೇ ಲೆಕ್ಕದಲ್ಲಿ ಸುಮಾರು 1.63 ಟಿಬಿ ಕಾಣುತ್ತದೆ. ಇಂಥ ವಿಚಿತ್ರ ಅಂಕಿ ಕಂಡರೆ ಡಿಸ್ಕನ್ನು ಬೈಯಬೇಡಿ, ಕೇಬಲ್ ಬಿಚ್ಚಿ.

ಫಾರ್ಮ್ಯಾಟ್ ಕೇಳಿದ್ದರ ಕಾರಣ ಬೇರೆ, ಇದು ಅನುಭವಿ ರಿಪೇರಿಯವರನ್ನೂ ಯಾಮಾರಿಸುತ್ತದೆ. ಪಾರ್ಟಿಶನ್ ಎಲ್ಲಿಂದ ಎಲ್ಲಿವರೆಗೆ ಎಂದು ಡಿಸ್ಕ್‌ನ ಮೊದಲಲ್ಲಿ ಬರೆದಿಡುವ ಹಳೇ ಎಂಬಿಆರ್ ಪದ್ಧತಿಯಲ್ಲಿ 512 ಬೈಟ್ ಸೆಕ್ಟರ್ ಇದ್ದರೆ ಸುಮಾರು 2.2 ಟಿಬಿಯೇ ಮಿತಿ. ಎಕ್ಸ್‌ಪಿಯಲ್ಲೂ ನಡೆಯಲಿ ಎಂದು ದೊಡ್ಡ ಎಕ್ಸ್‌ಟರ್ನಲ್ ಡಬ್ಬಿಗಳಲ್ಲಿ ಹಲವು, ಒಳಗಿನ ಡಿಸ್ಕನ್ನು 4096 ಬೈಟ್ ಸೆಕ್ಟರಿನದು ಎಂದು ಕಂಪ್ಯೂಟರಿಗೆ ತೋರಿಸುತ್ತವೆ. ಪಾರ್ಟಿಶನ್ 256ನೇ ಸೆಕ್ಟರಿನಿಂದ ಶುರು ಎಂದು ಬರೆದಿದ್ದರೆ, ಡಬ್ಬಿಯ ಲೆಕ್ಕದಲ್ಲಿ ಅದು 1 ಎಂಬಿ ಜಾಗ. ಡಬ್ಬಿ ತೆಗೆದು ನೇರ ಹಾಕಿದಾಗ ಅದೇ 256 ಅಂದರೆ 128 ಕೆಬಿ. ಅಲ್ಲಿ ಫೈಲ್ ಸಿಸ್ಟಂ ಇಲ್ಲ, ಹಾಗಾಗಿ ವಿಂಡೋಸ್ ಡಿಸ್ಕ್ ಖಾಲಿ ಎಂದುಕೊಳ್ಳುತ್ತದೆ.

ಆಗ ಮಾಡಬೇಕಿದ್ದದ್ದು ಇಷ್ಟೆ: ಇನಿಶಿಯಲೈಸ್, ಫಾರ್ಮ್ಯಾಟ್, ಚೆಕ್‌ಡಿಸ್ಕ್ ಮೂರಕ್ಕೂ ಇಲ್ಲ ಅನ್ನುವುದು. ಅದೇ ಮಾದರಿಯ ಡಬ್ಬಿ ಸಿಕ್ಕರೆ ಡಿಸ್ಕನ್ನು ಅದರಲ್ಲಿಟ್ಟು ನೋಡುವುದು. ಸಿಗದಿದ್ದರೆ 64 ಬಿಟ್ ಲಿನಕ್ಸ್‌ನಲ್ಲಿ ಮೊದಲು ಪೂರ್ತಿ ಇಮೇಜ್ (ಇಡೀ ಡಿಸ್ಕ್‌ನ ಯಥಾಪ್ರತಿ) ತೆಗೆದು, ಆ ಇಮೇಜನ್ನೇ ಡಿಸ್ಕ್‌ನಂತೆ ತೋರಿಸುವ ಲೂಪ್ ಡಿವೈಸಿಗೆ ಸೆಕ್ಟರ್ ಗಾತ್ರ 4096 ಎಂದು ಹೇಳಿ, ಓದಲು ಮಾತ್ರ ಎಂಬಂತೆ ತೆರೆಯುವುದು. ಕೆಲವು ವೆಸ್ಟರ್ನ್ ಡಿಜಿಟಲ್ ಡಬ್ಬಿಗಳು ಪಾಸ್‌ವರ್ಡ್ ಇಡದಿದ್ದರೂ ಬರೆಯುವಾಗಲೇ ಎನ್‌ಕ್ರಿಪ್ಟ್ ಮಾಡುತ್ತವೆ. ಅಂಥದರಲ್ಲಿ ಸುಟ್ಟ ಸಣ್ಣ ಬೋರ್ಡನ್ನು ಗುಜರಿಗೆ ಹಾಕಿದರೆ ಕಥೆ ಮುಗಿಯಿತು. ಇವರದು ಆ ಜಾತಿಯದಲ್ಲ ಅನ್ನುವುದೊಂದೇ ಪುಣ್ಯ.

ಎಕ್ಸ್‌ಪಿಯ ಪೂರ್ಣ ಫಾರ್ಮ್ಯಾಟ್ ಕೂಡ ಇಡೀ ಡಿಸ್ಕ್‌ಗೆ ಸೊನ್ನೆ ಬರೆಯುವುದಿಲ್ಲ, ವಿಸ್ತಾದಿಂದ ಈಚಿನವು ಬರೆಯುತ್ತವೆ. ಹಾಗಾಗಿ ವಿಡಿಯೋಗಳಲ್ಲಿ ಬಹುಪಾಲು ಉಳಿದಿದ್ದವು. ಆದರೆ ಹೊಸ ಫೈಲ್ ಪಟ್ಟಿ ಹಳೆಯದರ ಮೇಲೆ ಕೂತಿತ್ತು. ಹೆಸರಿಲ್ಲ, ತಾರೀಖಿಲ್ಲ, ಯಾವ ಧಾರೆ ಯಾರದೆಂದು ಒಂದೊಂದನ್ನೂ ತೆರೆದು ನೋಡಬೇಕಾಯಿತು. ತುಂಡಾಗಿ ಕೂತಿದ್ದ ಫೈಲುಗಳು ಅರ್ಧಕ್ಕೆ ನಿಂತವು.

ಹಾಗಾದರೆ ಹಳೇ ಬೋರ್ಡಿಗೆ ಏನು ಹಾಕಬಹುದು? ಎಕ್ಸ್‌ಪಿ ಬಿಡಲಾಗದು ಎಂದಾದರೆ 2 ಟಿಬಿಗೆ ನಿಲ್ಲಿ. ಅದರ ಪಾರ್ಟಿಶನ್ನನ್ನೂ ವಿಂಡೋಸ್ 7 ಅಥವಾ 10 ಇರುವ ಬೇರೆ ಕಂಪ್ಯೂಟರಿನಲ್ಲಿ ಮಾಡಿ ತನ್ನಿ. ಎಕ್ಸ್‌ಪಿ 63ನೇ ಸೆಕ್ಟರಿನಿಂದ ಶುರು ಮಾಡುತ್ತದೆ. ಈಗಿನ ಡಿಸ್ಕ್‌ಗಳ ಒಳಗಿನ ಸೆಕ್ಟರ್ 4096 ಬೈಟಿನದು, ಅಂದರೆ 512ರ ಎಂಟು ಸೇರಿ ಒಂದು, 63 ಎಂಟರಿಂದ ಭಾಗವಾಗದು, ಬರೆಯುವ ವೇಗ ಬಿದ್ದುಹೋಗುತ್ತದೆ. ಹೊಸ ವಿಂಡೋಸ್ 2048ರಿಂದ ಶುರು ಮಾಡುತ್ತದೆ, ಸರಿಯಾಗಿ ಕೂರುತ್ತದೆ. ವಿಂಡೋಸ್ 7 ಇದ್ದರೆ ಜಿ41ನಲ್ಲೂ 4 ಟಿಬಿ ನಡೆಯುತ್ತದೆ, ಡೇಟಾ ಡಿಸ್ಕ್ ಆಗಿ, ಎಂಬಿಆರ್ ಬದಲಿಗೆ ಬಂದ ಹೊಸ ಪದ್ಧತಿಯಾದ ಜಿಪಿಟಿಯಲ್ಲಿ ಮಾತ್ರ. ಯುಇಎಫ್‌ಐ (ಹಳೇ ಬಯಾಸ್‌ನ ಜಾಗಕ್ಕೆ ಬಂದದ್ದು) ಇಲ್ಲದ ಬೋರ್ಡಿನಲ್ಲಿ ವಿಂಡೋಸ್ ಜಿಪಿಟಿ ಡಿಸ್ಕ್‌ನಿಂದ ಬೂಟ್ ಆಗುವುದಿಲ್ಲ, ಅದಕ್ಕೆ ಎಂಬಿಆರ್‌ನ ಸಣ್ಣ ಎಸ್‌ಎಸ್‌ಡಿ ಇರಲಿ. ವಿಂಡೋಸ್‌ನ ಡಿಸ್ಕ್‌ಪಾರ್ಟ್ ಕಮಾಂಡಿನಲ್ಲಿ ಡಿಸ್ಕ್ ಪಟ್ಟಿ ತೆಗೆದರೆ ಜಿಪಿಟಿ ಅಂಕಣದಲ್ಲಿ ನಕ್ಷತ್ರ ಕಾಣಬೇಕು. ಜಿಪಿಟಿ ಡಿಸ್ಕನ್ನು 32 ಬಿಟ್ ಎಕ್ಸ್‌ಪಿಗೆ ಮರಳಿ ತೋರಿಸಬೇಡಿ, ಓದಲು ಬರುವುದಿಲ್ಲ.

ಇನ್ನೂ ಹಳೆಯ ವಿಐಎ ವಿಟಿ8237 ಚಿಪ್ಪಿನ ಬೋರ್ಡುಗಳಿಗೆ ಹೊಸ ಡಿಸ್ಕ್ ಕಾಣುವುದೇ ಇಲ್ಲ, ಡಿಸ್ಕ್ ಜೊತೆ ವೇಗ ಇಳಿಸಿಕೊಳ್ಳುವ ಮಾತುಕತೆ ಆ ಚಿಪ್ಪಿಗೆ ಬರದು. ಹಿಂದೆ ಡಿಸ್ಕ್‌ನಲ್ಲೇ 1.5 ಗಿಗಾಬಿಟ್‌ಗೆ ಇಳಿಸುವ ಜಂಪರ್ ಇರುತ್ತಿತ್ತು, ಈಗ ಸಿಗುವುದು ಕಷ್ಟ. ಅಂಥ ಬೋರ್ಡಿಗೆ ದುಡ್ಡು ಹಾಕುವುದು ದಂಡ.

ಕೊನೆಗೆ, ಡಿಸ್ಕ್ ತಿರುಗುವುದೇ ಇಲ್ಲ ಎಂದು ವಾಪಸ್ ಬರುವ ಪ್ರಸಂಗ. ಎಂಟರ್‌ಪ್ರೈಸ್ ವರ್ಗದ, ಡಬ್ಬಿಯಿಂದ ತೆಗೆದ ಕೆಲವು ಡಿಸ್ಕ್‌ಗಳಲ್ಲಿ ಸಾಟಾ ಪವರ್‌ನ 3ನೇ ಪಿನ್ನು ಡಿಸ್ಕನ್ನು ಆಫ್ ಮಾಡುವ ಸಂಕೇತಕ್ಕೆ ಮೀಸಲು. ಹಳೇ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಅದೇ ಪಿನ್ನಿಗೆ 3.3 ವೋಲ್ಟ್ ಕೊಡುತ್ತದೆ, ಡಿಸ್ಕ್ ಏಳುವುದೇ ಇಲ್ಲ. ಆ ಪಿನ್ನಿನ ಮೇಲೆ ವಿದ್ಯುತ್ ತಡೆಯುವ ಕ್ಯಾಪ್ಟಾನ್ ಟೇಪು ಅಂಟಿಸಿ, ಇಲ್ಲವೇ 3.3 ವೋಲ್ಟ್ ತಂತಿಯೇ ಇಲ್ಲದ, ಹಳೇ ನಾಲ್ಕು ಪಿನ್ನಿನ ಮೊಲೆಕ್ಸ್‌ನಿಂದ ಸಾಟಾ ಪವರ್‌ಗೆ ಬರುವ ಅಡಾಪ್ಟರ್ ಹಾಕಿ. ಅಡಾಪ್ಟರಿನ ಸಾಟಾ ತುದಿ ಒಂದೇ ಅಚ್ಚಿನಲ್ಲಿ ಎರೆದದ್ದಾದರೆ ಬೇಡ, ಒಳಗೆ ತಂತಿಗಳು ತಾಗಿ ಕರಗಿ ಬೆಂಕಿ ಹತ್ತಿದ್ದುಂಟು. ತಂತಿ ಒಂದೊಂದಾಗಿ ಕ್ರಿಂಪ್ ಆಗಿ ಹಿಂಬದಿಯಿಂದ ಕಾಣುವಂಥದನ್ನೇ ಕೇಳಿ ತನ್ನಿ.