ಸಪೋರ್ಟ್ ಗ್ರೂಪಾ, ಕೌನ್ಸೆಲರಾ? ಬ್ರೆಸ್ಟ್ ಕ್ಯಾನ್ಸರ್ ಅಂತ ಈಗಷ್ಟೇ ಗೊತ್ತಾದವ್ರಿಗೆ

ಗ್ರೂಪಲ್ಲಿ ಸಿಗೋದು ಅನುಭವ. ಕೀಮೋ ಟೈಮಲ್ಲಿ ಬಾಯಿ ಹುಣ್ಣಾದ್ರೆ ಏನ್ ತಿನ್ನೋದು, ಆಪರೇಷನ್ ಆದ್ಮೇಲೆ ಡ್ರೈನ್ ಟ್ಯೂಬ್ (ಗಾಯದೊಳಗಿನ ನೀರು ಹೊರಗೆ ಹೋಗಕ್ಕೆ ಹಾಕೋ ಕೊಳವೆ) ಇಟ್ಕೊಂಡು ಹೇಗ್ ಮಲಗೋದು, ಕೈ ಎತ್ತಕ್ಕಾಗಲ್ವಲ್ಲ ಅದಕ್ಕೆ ಮುಂದೆ ಬಟನ್ ಇರೋ ಬಟ್ಟೆ ಇಟ್ಕೊಳಿ ಅನ್ನೋದು, ಇದನ್ನೆಲ್ಲ ಅನುಭವಿಸಿದವ್ರಷ್ಟು ಚೆನ್ನಾಗಿ ಯಾರೂ ಹೇಳಲ್ಲ. ಆದ್ರೆ ಅಲ್ಲಿ ಬೇರೆ ಬೇರೆ ಸ್ಟೇಜ್‌ನವ್ರು ಇರ್ತಾರೆ, ಯಾರಿಗೋ ಕಾಯಿಲೆ ಮರುಕಳಿಸ್ತು ಅಂತ ಕೇಳಿದ್ರೆ ಹೊಸಬ್ರಿಗೆ ಎದೆ ಧಸಕ್ ಅನ್ನತ್ತೆ. ಅವ್ರ ಟ್ರೀಟ್ಮೆಂಟ್ ನಿಮ್ಮದಕ್ಕೆ ಹೋಲಿಸ್ಲೇಬೇಡಿ, ಗಡ್ಡೆ ಯಾವ ತರದ್ದು ಅಂತ ನೋಡೋ ಈಆರ್, ಪಿಆರ್, ಹರ್2 ಟೆಸ್ಟ್‌ಗಳ ರಿಸಲ್ಟ್ ಬೇರೆ ಇದ್ರೆ ಔಷಧಿನೂ ಬೇರೆ ಆಗತ್ತೆ.

ಕೌನ್ಸೆಲರ್ ಹತ್ರ ಮನೆಯವ್ರ ಮುಂದೆ ಬಾಯಿಬಿಡಕ್ಕಾಗದ್ದನ್ನ ಹೇಳ್ಕೋಬಹುದು, ಸಾಯ್ತೀನೇನೋ ಅನ್ನೋ ಭಯ, ಸ್ತನ ತೆಗೀತಾರೆ ಅನ್ನೋ ಸಂಕಟ, ಮಕ್ಕಳಿಗೆ ಏನಂತ ಹೇಳ್ಲಿ ಅನ್ನೋದು. ಕ್ಯಾನ್ಸರ್ ಪೇಶೆಂಟ್‌ಗಳನ್ನ ನೋಡಿ ಅಭ್ಯಾಸ ಇರೋರು ಸಿಕ್ರೆ ಇನ್ನೂ ಒಳ್ಳೇದು.

ನಿದ್ದೆ, ಊಟ ಎರಡೂ ಹೋಗಿದ್ರೆ ಗ್ರೂಪ್ ಆಮೇಲಿರ್ಲಿ, ಮೊದ್ಲು ಕೌನ್ಸೆಲರ್ ಅಥವಾ ಸೈಕಿಯಾಟ್ರಿಸ್ಟ್ ನೋಡಿ. ಟಾಮಾಕ್ಸಿಫೆನ್ (ಬ್ರೆಸ್ಟ್ ಕ್ಯಾನ್ಸರ್‌ಗೆ ಕೊಡೋ ಹಾರ್ಮೋನ್ ತಡೆಯೋ ಮಾತ್ರೆ) ತಗೊಳ್ತಿದ್ರೆ ಅದನ್ನ ಅವ್ರಿಗೆ ಹೇಳ್ಲೇಬೇಕು, ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ತರದ ಡಿಪ್ರೆಶನ್ ಮಾತ್ರೆ ಅದರ ಪರಿಣಾಮ ಕಮ್ಮಿ ಮಾಡ್ಬಹುದು. ಅಷ್ಟೊಂದು ಕುಗ್ಗಿಲ್ಲ, ಆದ್ರೆ ಒಂಟಿ ಅನ್ನಿಸ್ತಿದೆ ಅಂದ್ರೆ ನನ್ನ ಓಟು ಗ್ರೂಪಿಗೇ, ಸುಮ್ನೆ ಕೂತು ಕೇಳಿದ್ರೂ ಸಾಕು, ಮಾತಾಡ್ಲೇಬೇಕು ಅಂತೇನಿಲ್ಲ.