ಮೊದಲ ದಿನವೇ ಎಲ್ಲ ಹೇಳಿಸುವ ಕೌನ್ಸೆಲರ್ ಹತ್ತಿರ ಹೋಗಬೇಡಿ

ಕಲಬುರಗಿಯಲ್ಲಿ ಕೌನ್ಸೆಲಿಂಗ್‌ಗೆ ಯಾರಾದರೂ ಒಳ್ಳೆಯವರು ಸಿಗುತ್ತಾರಾ ಅಂತ ಹುಡುಕುತ್ತಿದ್ದೀರಾ? ಅದರಲ್ಲೂ ಚಿಕ್ಕಂದಿನಿಂದ ಮನೆಯಲ್ಲೇ ಪೆಟ್ಟು ತಿಂದು, ಹೆದರಿಕೊಂಡು ಬೆಳೆದವರಾ? ಹಾಗಾದರೆ ಅಡ್ವಾನ್ಸ್ ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ. ಕಳೆದ ವರ್ಷ ಮೇ ತಿಂಗಳಲ್ಲಿ ನಾನು ಒಬ್ಬರ ಹತ್ತಿರ ಹೋಗಿ ಕೆಟ್ಟೆ. ಅವರ ಹೆಸರಾಗಲಿ, ಸೆಂಟರಿನ ಹೆಸರಾಗಲಿ ಹಾಕುವುದಿಲ್ಲ. ಹೆದರಿಕೆ ಇದೆ, ಸುಳ್ಳು ಯಾಕೆ ಹೇಳಲಿ. ಅಲ್ಲದೆ ಇಂಥವರು ಇವರೊಬ್ಬರೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ನನ್ನ ಕತೆ ಪೂರ್ತಿ ಬರೆಯಲ್ಲ. ಒಂದು ಶಬ್ದದ ಬಗ್ಗೆ ಮಾತ್ರ ಹೇಳುತ್ತೇನೆ. ಅಪ್ಪ ರಾತ್ರಿ ಬಂದು ಅಂಗಳದಲ್ಲಿ ಟಿವಿಎಸ್ ಗಾಡಿಯ ಸ್ಟ್ಯಾಂಡ್ ಒದೆಯುತ್ತಿದ್ದ. ಒಂದೇ ಒದೆತಕ್ಕೆ ಸ್ಟ್ಯಾಂಡ್ ಬಿದ್ದರೆ ಅವತ್ತು ಪರವಾಗಿಲ್ಲ. ಎರಡು ಮೂರು ಸಲ ತಪ್ಪಿದರೆ ಕುಡಿದಿದ್ದಾನೆ ಅಂತ ಲೆಕ್ಕ. ಅವ್ವ ಒಲೆ ಸಣ್ಣ ಮಾಡುತ್ತಿದ್ದಳು, ಅಣ್ಣ ಪುಸ್ತಕ ತೆಗೆಯುತ್ತಿದ್ದ, ನಾನು ಜೋಳದ ಚೀಲದ ಹಿಂದೆ. ಈಗ ನನಗೆ 34. ಕೆಲಸ ಇದೆ, ನನ್ನದೇ ಬಾಡಿಗೆ ಮನೆ ಇದೆ. ಆದರೂ ಕೆಳಗೆ ಯಾರೋ ಸ್ಕೂಟಿ ಸ್ಟ್ಯಾಂಡ್ ಹಾಕಿದರೆ ಸಾಕು, ರೊಟ್ಟಿ ಬಡಿಯುವ ಕೈ ಅಲ್ಲೇ ನಿಂತುಬಿಡುತ್ತದೆ. ಹಂಚಿನ ಮೇಲಿನದು ಕರಕಲಾದ ಮೇಲೆಯೇ ಎಚ್ಚರ.

ಇದಕ್ಕೆ ಒಂದು ಹೆಸರಿದೆ ಅಂತ ನನಗೆ ಗೊತ್ತಾಗಿದ್ದೇ ತಡವಾಗಿ. ಒಂದು ಅಪಘಾತ, ಒಂದು ಪ್ರವಾಹ, ಅಂಥ ಒಂದೇ ಘಟನೆಯಿಂದ ಬರುವುದು ಸಾಮಾನ್ಯವಾಗಿ ಪಿಟಿಎಸ್‌ಡಿ, ಅಂದರೆ ಆಘಾತ ಮುಗಿದ ಮೇಲೂ ಮನಸ್ಸು ಅದರಲ್ಲೇ ಸಿಕ್ಕಿಕೊಂಡಿರುವ ಕಾಯಿಲೆ. ವರ್ಷಗಟ್ಟಲೆ, ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ಅನುಭವಿಸಿದವರಿಗೆ ಹೆಚ್ಚಾಗಿ ಬರುವುದು ಕಾಂಪ್ಲೆಕ್ಸ್ ಪಿಟಿಎಸ್‌ಡಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಐಸಿಡಿ-11 ಎಂಬ ರೋಗಪಟ್ಟಿಯಲ್ಲಿ ಬೇರೆಯಾಗಿಯೇ ಸೇರಿಸಿದೆ. ಆ ಪಟ್ಟಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಹಳೆಯದು ಕಣ್ಣ ಮುಂದೆ ಮತ್ತೆ ನಡೆದಂತಾಗುವುದು, ಅದನ್ನು ನೆನಪಿಸುವುದರಿಂದ ದೂರ ಓಡುವುದು, ಸದಾ ಮೈಯೆಲ್ಲ ಕಿವಿಯಾಗಿರುವುದು, ಇವು ಎರಡರಲ್ಲೂ ಇರುತ್ತವೆ. ಕಾಂಪ್ಲೆಕ್ಸ್‌ನಲ್ಲಿ ಇನ್ನೂ ಮೂರು ಜಾಸ್ತಿ. ಸಿಟ್ಟು ದುಃಖ ಹಿಡಿತಕ್ಕೆ ಸಿಗುವುದಿಲ್ಲ, ಇಲ್ಲವೇ ಏನೂ ಅನ್ನಿಸುವುದೇ ಇಲ್ಲ. ನಾನು ಯಾವುದಕ್ಕೂ ಬಾರದವಳು ಅನ್ನುವುದು ಒಳಗೆ ಕೂತುಬಿಟ್ಟಿರುತ್ತದೆ. ಯಾರ ಹತ್ತಿರವೂ ನೆಮ್ಮದಿಯಾಗಿ ಇರಲು ಆಗುವುದಿಲ್ಲ. ಓದಿದಾಗ ನನ್ನದೇ ಜಾತಕ ಓದಿದಂತಾಯಿತು.

ನಮ್ಮ ಕಡೆ ಇದಕ್ಕೆ ಮೊದಲ ಮದ್ದು ದೇವರು. ಹದಿನಾರರಲ್ಲಿ ನಾನು ಕೂತಲ್ಲೇ ಕಲ್ಲಾಗುತ್ತಿದ್ದೆ, 'ಗಾಳಿ ಇರಬೇಕು' ಅಂತ ಅವ್ವ ಗಾಣಗಾಪುರಕ್ಕೆ ಕರೆದುಕೊಂಡು ಹೋಗಿದ್ದಳು. ಭೀಮಾ ಅಮರ್ಜಾ ಸಂಗಮದಲ್ಲಿ ಮುಳುಗಿಸಿದರು. ಗುಣವಾಗಲಿಲ್ಲ, ಆದರೆ ಕೆಡುಕೂ ಆಗಲಿಲ್ಲ. ಅವ್ವ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಬೋರ್ಡು ಹಾಕಿಕೊಂಡವರ ಹತ್ತಿರ ಹೋದದ್ದಕ್ಕೆ ಹೋಲಿಸಿದರೆ ಅದೇ ಎಷ್ಟೋ ವಾಸಿ.

ಸರಿ, ಆ ಬೋರ್ಡಿನ ವಿಷಯಕ್ಕೆ ಬರುತ್ತೇನೆ. ಜೊತೆಗೆ ಕೆಲಸ ಮಾಡುವವರೊಬ್ಬರು ನಂಬರ್ ಕೊಟ್ಟರು. ಮೆಡಿಕಲ್ ಶಾಪಿನ ಮೇಲಿನ ಮಹಡಿ. ಹೆಸರಿನ ಮುಂದೆ 'ಡಾ.', ಗೋಡೆ ತುಂಬ ಫ್ರೇಮು ಹಾಕಿದ ಸರ್ಟಿಫಿಕೇಟು. ಒಂದನ್ನೂ ಓದಲಿಲ್ಲ, ನೋಡಿ ಖುಷಿಪಟ್ಟೆ ಅಷ್ಟೇ. ಒಂದು ಸಿಟಿಂಗ್‌ಗೆ 800 ರೂಪಾಯಿ, ಹತ್ತು ಒಟ್ಟಿಗೆ ಕಟ್ಟಿದರೆ 6,000. ಸೀರೆ ಅಂಗಡಿಯಲ್ಲಿ ಆಫರ್ ಕಂಡವಳಂತೆ ಹತ್ತಕ್ಕೂ ಕಟ್ಟಿದೆ. ಒಂದು ಫಾರ್ಮ್ ತುಂಬಿಸಿಕೊಂಡರು. 'ತುರ್ತು ಇದ್ದರೆ ಯಾರಿಗೆ ತಿಳಿಸಬೇಕು' ಅನ್ನುವ ಕಡೆ ಅಣ್ಣನ ನಂಬರ್ ಬರೆದೆ. ಈ ನಂಬರ್ ನೆನಪಿಟ್ಟುಕೊಳ್ಳಿ.

"ಸಣ್ಣಾಕಿ ಇದ್ದಾಗಿಂದ ಶುರು ಮಾಡ್ರಿ. ಏನೂ ಮುಚ್ಚಿಡಬ್ಯಾಡ್ರಿ. ಮುಚ್ಚಿಟ್ರ ನಾ ಏನೂ ಮಾಡಾಕ ಆಗಂಗಿಲ್ಲ" ಅಂದರು. ಬಾಗಿಲು ಅರ್ಧ ತೆರೆದೇ ಇತ್ತು. ಹೊರಗೆ ಕೂತ ಹುಡುಗಿ ಒಂದು ಸಲ ಚಹಾ ತಂದಿಟ್ಟು ಹೋದಳು, ಇನ್ನೊಂದು ಸಲ ಚಿಲ್ಲರೆ ಕೇಳಲು ಬಂದಳು. ನಾನು ಒಂದೂವರೆ ತಾಸು ಮಾತಾಡಿದೆ. ಯಾರಿಗೂ ಹೇಳದ ಮೂರು ವಿಷಯ ಇದ್ದವು. ಮೂರನ್ನೂ ಹೇಳಿದೆ. ನಿಂತಾಗಲೆಲ್ಲ "ಹೂಂ, ಮುಂದ?" ಅನ್ನುತ್ತಿದ್ದರು. ನಡುಕ ಬಂದಾಗ "ಬರ್ಲಿ ಬರ್ಲಿ, ಎಲ್ಲಾ ಹೊರಗ ಬರ್ಲಿ" ಅಂದರು. ಆಮೇಲೆ ಗಡಿಯಾರ ನೋಡಿದರು. ಮುಗಿಯಿತು. ಮುಂದಿನ ಶನಿವಾರ ಬನ್ನಿ.

ಬೋರ್‌ವೆಲ್ ಕೊರೆದವರು ಬಾಯಿಗೆ ಒಂದು ಕಲ್ಲನ್ನೂ ಇಡದೆ ಲಾರಿ ಹತ್ತಿ ಹೋಗುತ್ತಾರಲ್ಲ, ಥೇಟ್ ಹಾಗೆ.

ಕೆಳಗಿಳಿದರೆ ರಣ ಬಿಸಿಲು. ಆಟೋ ಹತ್ತಿದೆ. "ಎಲ್ಲಿಗ್ರಿ ಅಕ್ಕಾ?" ಅಂದ. ನನಗೆ ನನ್ನ ಬಡಾವಣೆಯ ಹೆಸರು ನೆನಪಾಗಲಿಲ್ಲ. ಐದು ವರ್ಷದಿಂದ ಇರುವ ಜಾಗ. ಬಾಯಿ ತೆರೆದರೆ ಚಿಕ್ಕಂದಿನ ಹಳ್ಳಿಯ ಹೆಸರೇ ಬರುತ್ತಿತ್ತು. ಆತ ತಿರುಗಿ ನೋಡಿದ, ಏನೂ ಕೇಳದೆ ಗಾಡಿಯನ್ನು ನೆರಳಿಗೆ ತಂದು ನಿಲ್ಲಿಸಿದ, ನೀರಿನ ಬಾಟಲಿ ಕೊಟ್ಟ. ಕೊನೆಗೆ ಪರ್ಸಿನಲ್ಲಿದ್ದ ಗ್ಯಾಸ್ ಬಿಲ್ ತೆಗೆದು ಅವನಿಗೆ ವಿಳಾಸ ತೋರಿಸಿದೆ. ಅವತ್ತು ನನಗೆ ನಿಜವಾದ ಕೌನ್ಸೆಲಿಂಗ್ ಮಾಡಿದವನು ಅವನೇ, ಮೀಟರ್ ಮೇಲೆ ಒಂದು ಪೈಸೆ ಜಾಸ್ತಿ ಕೇಳಲಿಲ್ಲ.

ನಾಲ್ಕು ರಾತ್ರಿ ನಿದ್ದೆ ಇಲ್ಲ. ಆದರೂ ಎರಡನೇ ಶನಿವಾರ ಹೋದೆ. ಯಾಕೆ ಹೋದೆ ಅಂತ ನನ್ನನ್ನು ತುಂಬ ಜನ ಕೇಳಿದ್ದಾರೆ. ದುಡ್ಡು ಕಟ್ಟಿದ್ದೆ ಅಲ್ವಾ! ಜೊತೆಗೆ, ಜೋರು ಮಾಡುವವರ ಮಾತು ಕೇಳಿಯೇ ಬೆಳೆದವಳಿಗೆ 'ಇದು ಸರಿ ಇಲ್ಲ' ಅನ್ನುವ ಗಂಟೆ ಬೇಗ ಬಾರಿಸುವುದಿಲ್ಲ. ಎರಡನೇ ಸಲ ಅವರದ್ದೇ ಮಾತು ಜಾಸ್ತಿ. "ಹೊಡೀಲಾರದ ತಂದಿ ಯಾರರ ಇದ್ದಾರೇನ್ರಿ ನಮ್ಮ ಕಡೆ? ಕ್ಷಮಾ ಮಾಡಿಬಿಡ್ರಿ, ಮನಸ್ಸು ಹಗುರ ಆಗ್ತದ. ಮದುವಿ ಮಾಡ್ಕೋರಿ, ಎಲ್ಲಾ ಸರಿ ಹೋಗ್ತದ." ನನಗೆ ಮುಂಚೆ ಸೈಕಿಯಾಟ್ರಿಸ್ಟ್ (ಮನೋರೋಗದ ಡಾಕ್ಟರ್) ಒಬ್ಬರು ಬರೆದಿದ್ದ ಮಾತ್ರೆ ನೋಡಿ, ಇದು ಚಟ ಆಗುತ್ತೆ, ಇವತ್ತೇ ಬಿಡಿ ಅಂದರು. ಬಿಟ್ಟೆ. ಮೂರನೇ ದಿನ ತಲೆಯೊಳಗೆ ಸಣ್ಣ ಕರೆಂಟು ಹೊಡೆದ ಹಾಗೆ, ತಿರುಗಿದರೆ ಲೋಕವೇ ತಿರುಗಿದ ಹಾಗೆ. ಅಂಥ ಮಾತ್ರೆಗಳನ್ನು ದಿಢೀರನೆ ಬಿಡಬಾರದು, ಬರೆದ ಡಾಕ್ಟರನ್ನು ಕೇಳಿ ಸ್ವಲ್ಪಸ್ವಲ್ಪವೇ ಇಳಿಸಬೇಕು. ಬರೆಯುವ ಅಧಿಕಾರ ಇಲ್ಲದವರಿಗೆ ಬಿಡಿಸುವ ಅಧಿಕಾರವೂ ಇಲ್ಲ.

ಇದೆಲ್ಲ ಆದರೂ ಈ ಬರಹ ಬರೆಯುತ್ತಿರಲಿಲ್ಲವೇನೋ. ಆ ವಾರ ಅವರು ಫಾರ್ಮಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಅಣ್ಣನಿಗೆ. 'ಕುಟುಂಬದವರನ್ನು ಕೂಡಿಸಿ ಮಾತಾಡಬೇಕು' ಅಂತ ಶುರು ಮಾಡಿ ನಾನು ಹೇಳಿದ್ದರಲ್ಲಿ ಒಂದನ್ನು ಅವನಿಗೆ ಹೇಳಿಬಿಟ್ಟರು. ಅಣ್ಣ ಅವ್ವನಿಗೆ, ಅವ್ವ ಚಿಕ್ಕಮ್ಮನಿಗೆ. ಸಂಜೆ ಏಳಕ್ಕೆ ಆಳಂದದಿಂದ ಚಿಕ್ಕಮ್ಮನ ಫೋನು: "ಮನಿ ಮಾತು ರೊಕ್ಕ ಕೊಟ್ಟು ಹೊರಗ ಹಾಕ್ಲತ್ತಿಯಂತಲ್ಲವ್ವಾ?"

ಅವತ್ತು ರಾತ್ರಿ ಎರಡು ಗಂಟೆಗೆ ನಾನು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು. ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಆಕಡೆಯ ಹೆಣ್ಣುಮಗಳಿಗೆ ಕತೆ ಹೇಳಲು ಹೊರಟೆ. ಆಕೆ ತಡೆದರು. "ಅದನ್ನ ಆಮೇಲೆ ನೋಡೋಣ. ಈಗ ಎಲ್ಲಿ ಕೂತಿದ್ದೀರಿ? ಪಾದ ನೆಲಕ್ಕೆ ತಾಗಿದೆಯಾ? ನೆಲ ಹೇಗಿದೆ?" ಶಹಾಬಾದ್ ಫರಸಿ, ಇನ್ನೂ ಬೆಚ್ಚಗಿದೆ ಅಂದೆ. "ಎಷ್ಟು ಕಲ್ಲು ಕಾಣ್ತವೆ, ಎಣಿಸಿ ಹೇಳಿ." ಹನ್ನೊಂದು. ಒಂದು ಒಡೆದಿತ್ತು. ಎಣಿಸಿ ಮುಗಿಸುವಷ್ಟರಲ್ಲಿ ಉಸಿರು ಜಾಗಕ್ಕೆ ಬಂದಿತ್ತು. ಪಾಠ ಓದಿದವರಿಗೂ ಫ್ರೇಮು ಹಾಕಿದವರಿಗೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಆ ಹನ್ನೊಂದು ಕಲ್ಲಿನಲ್ಲಿ.

ಮರುದಿನ ಟೆಲಿ ಮಾನಸ್‌ನವರು ಹೇಳಿದಂತೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋದೆ. ಚೀಟಿ ಮಾಡಿಸಲು ಸಾಲು, ಕೂರಲು ಬೆಂಚು ಸಾಲದು, ಡಾಕ್ಟರ್ ಹತ್ತಿರ ಸಿಕ್ಕಿದ್ದು ಹತ್ತು ನಿಮಿಷ. ಆದರೆ ಆ ಹತ್ತು ನಿಮಿಷ ನೇರವಾಗಿತ್ತು. ಮಾತ್ರೆ ಮತ್ತೆ ಶುರು ಮಾಡಿಸಿದರು. ನನಗೆ ಬೇಕಾದಷ್ಟು ಹೊತ್ತು ಕೂತು ಮಾತಾಡುವ ಥೆರಪಿ ಈ ನೂಕುನುಗ್ಗಲಲ್ಲಿ ಆಗುವುದಿಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಹುಡುಕಿಕೊಳ್ಳಿ ಅಂತ ಹೇಳಿದರು. ಆಗುವುದಿಲ್ಲ ಅಂತ ಹೇಳುವವರನ್ನು ನಂಬಬಹುದು ಅನ್ನಿಸಿತು.

ಈಗ ಪರೀಕ್ಷೆ ಮಾಡುವುದು ಹೇಗೆ ಅಂತ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋರೋಗದಲ್ಲೇ ಮುಂದೆ ಓದಿದ ಡಾಕ್ಟರ್, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುವವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. 1992ರ ಕಾಯ್ದೆಯ ಪ್ರಕಾರ ಬಂದ ಮಂಡಳಿ ಅದು. ನೋಂದಣಿಯಾದವರಿಗೆ ಸಿಆರ್‌ಆರ್ ನಂಬರ್, ಅಂದರೆ ಮಂಡಳಿಯ ನೋಂದಣಿ ಪಟ್ಟಿಯ ನಂಬರ್ ಇರುತ್ತದೆ, ಮಂಡಳಿಯ ವೆಬ್‌ಸೈಟಿನಲ್ಲಿ ಹುಡುಕಿ ನೋಡಬಹುದು. ಬರೀ 'ಕೌನ್ಸೆಲರ್' ಅಂತ ಬೋರ್ಡು ಹಾಕುವವರ ಮಾತು ಬೇರೆ. ಎರಡು ವರ್ಷ ಓದಿದವರೂ ಇರಬಹುದು, ಎರಡು ವಾರದ ಕೋರ್ಸ್ ಮಾಡಿದವರೂ ಇರಬಹುದು, ಹೊರಗಿನಿಂದ ಗೊತ್ತಾಗುವುದಿಲ್ಲ. ನಾನು ಹೋದವರ ಹೆಸರು ಆ ಪಟ್ಟಿಯಲ್ಲಿ ಸಿಗಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದು ರೋಗಿಯ ಹಕ್ಕು ಅನ್ನುತ್ತದೆ. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭಗಳಲ್ಲಷ್ಟೇ ವಿನಾಯಿತಿ. ಮಂಡಳಿಗೆ ದೂರು ಕೊಡೋಣ ಅಂದರೆ, ಆತ ಅವರ ಪಟ್ಟಿಯಲ್ಲೇ ಇಲ್ಲ!

ಉಳಿದ ಎಂಟು ಸಿಟಿಂಗ್‌ನ ದುಡ್ಡು ಕೇಳಿದ್ದಕ್ಕೆ "ನಿಮಗ ಗುಣ ಆಗೋ ಮನಸ್ಸಿಲ್ಲ" ಅಂದರು. ಅಲ್ಲಿಗೆ ಬಿಟ್ಟೆ.

ಆಮೇಲೆ ಮೂರು ಕಡೆ ಫೋನ್ ಮಾಡಿ ಒಂದೇ ಥರ ಕೇಳಿದೆ. ನಿಮ್ಮ ನೋಂದಣಿ ನಂಬರ್ ಏನು, ವರ್ಷಗಟ್ಟಲೆ ಹಿಂಸೆ ಅನುಭವಿಸಿದವರ ಜೊತೆ ಕೆಲಸ ಮಾಡಿದ್ದೀರಾ, ಮೊದಲ ಕೆಲವು ವಾರ ಏನು ಮಾಡ್ತೀರಿ, ಮನೆಯವರಿಗೆ ಯಾವಾಗ ಫೋನ್ ಮಾಡ್ತೀರಿ. ಒಬ್ಬರು "ಡಾಕ್ಟರ್ ಮ್ಯಾಲೆ ನಂಬಿಕಿ ಇರಬೇಕ್ರಿ" ಅಂದರು. ಇನ್ನೊಬ್ಬರು ಆರು ಸಿಟಿಂಗ್‌ನಲ್ಲಿ ಗ್ಯಾರಂಟಿ ಅಂದರು. ಮೂರನೆಯವರು ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿ, "ಬರ್ಕೊಂಡ್ರಾ? ಚೆಕ್ ಮಾಡಿ ಆಮೇಲೆ ಫೋನ್ ಮಾಡಿ" ಅಂದರು. ಅವರ ಹತ್ತಿರವೇ ಈಗ ಹೋಗುತ್ತಿದ್ದೇನೆ. ಹೋಗುವುದು ಅಂದರೆ ವಿಡಿಯೋ ಕಾಲು. ಮೊದಲ ದಿನ ನಾನು ಅಭ್ಯಾಸಬಲದಿಂದ "ಸಣ್ಣಾಕಿ ಇದ್ದಾಗ..." ಅಂತ ತೆಗೆದೆ. "ಇವತ್ತು ಅದು ಬೇಡ. ನಿದ್ದೆ ಹೇಗಿದೆ ಹೇಳಿ" ಅಂದರು. ಆರು ವಾರ ಬರೀ ನಿದ್ದೆ, ಊಟ, ಸ್ಟ್ಯಾಂಡಿನ ಶಬ್ದ ಬಂದಾಗ ಏನು ಮಾಡುವುದು, ಇಷ್ಟೇ. ಮೊದಲು ಕಾಲೂರಲು ನೆಲ, ಹಳೆಯದನ್ನು ಮುಟ್ಟುವುದು ಆಮೇಲೆ, ಅದೂ ನೀವು ತಯಾರಾದಾಗ. ಕಾಂಪ್ಲೆಕ್ಸ್ ಪಿಟಿಎಸ್‌ಡಿಗೆ ಹೀಗೆ ಹಂತಹಂತವಾಗಿ ಹೋಗುವುದು ತುಂಬ ಕಡೆ ಇರುವ ಕ್ರಮವಂತೆ. ಅಪ್ಪನನ್ನು ಕ್ಷಮಿಸಬೇಕಾ ಅಂತ ಒಮ್ಮೆ ನಾನೇ ಕೇಳಿದೆ. "ಅದು ಹೋಂವರ್ಕ್ ಅಲ್ಲ" ಅಂದರು. ನಾನು ನಕ್ಕೆ, ಆಮೇಲೆ ಅತ್ತೆ. ಎಂಟು ತಿಂಗಳಾಯಿತು. ಆ ಮೂರನೇ ವಿಷಯ ಇವರಿಗೆ ಇನ್ನೂ ಹೇಳಿಲ್ಲ, ಇವರು ಕೇಳಿಯೂ ಇಲ್ಲ.

ಬೀದರ್, ಯಾದಗಿರಿ ಕಡೆಯವರಿಗೆ ಒಂದು ಮಾತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಮನೋರೋಗ ಕ್ಲಿನಿಕ್ ಇರುತ್ತದೆ. ಡಾಕ್ಟರ್ ಆ ವಾರ ಬರುತ್ತಾರಾ ಅಂತ ಮೊದಲೇ ಕೇಳಿಕೊಂಡು ಹೋಗಿ. ಇನ್ನು ವಿಡಿಯೋದಲ್ಲಿ ಮಾತಾಡಲು ಮನೆಯಲ್ಲಿ ಜಾಗ ಇಲ್ಲ ಅನ್ನುವವರು ಜಾಸ್ತಿ. ಸೇಡಂನ ನನ್ನ ಗೆಳತಿ ಮಾಳಿಗೆ ಮೇಲೆ ನೀರಿನ ಟ್ಯಾಂಕಿನ ಹಿಂದೆ ಕೂತು, ಕಿವಿಗೆ ಇಯರ್‌ಫೋನ್ ಹಾಕಿ, ತಲೆ ಮೇಲೆ ಸೆರಗು ಹೊದ್ದು ಮಾತಾಡುತ್ತಾಳೆ. ಅತ್ತೆ ಕೇಳಿದರೆ ಹಪ್ಪಳ ಕಾಯಲತ್ತೀನಿ ಅಂತಾಳೆ. ನೆಟ್‌ವರ್ಕೂ ಅಲ್ಲೇ ಚೆನ್ನಾಗಿ ಬರುತ್ತಂತೆ.