ಪಿಲ್ ಗನ್: ಬೆಕ್ಕಿಗೆ ಸೈ, ನಾಯಿಗೆ ಮುದ್ದೆಯೇ ಸಾಕು

ನೋಡಲು ಉದ್ದನೆಯ ಸಿರಿಂಜ್ ಥರ ಇದೆ. ಸೂಜಿ ಇರಬೇಕಾದ ಕಡೆ ಮೆತ್ತನೆಯ ರಬ್ಬರ್ ತುದಿ. ಅದರ ಸೀಳಿನಲ್ಲಿ ಮಾತ್ರೆ ಸಿಕ್ಕಿಸಿ, ಬೆಕ್ಕಿನ ಬಾಯೊಳಗೆ ಇಟ್ಟು, ಹಿಂದಿನ ಹಿಡಿ ಒತ್ತಬೇಕು. ಪೆಟ್ ಅಂಗಡಿಯವರು ಇದಕ್ಕೆ ಪಿಲ್ ಗನ್ ಅನ್ನುತ್ತಾರೆ. ಮೈಸೂರಿನಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಇನ್ನೂರು ರೂಪಾಯಿ ಆಸುಪಾಸು ಕೊಟ್ಟು ತಂದೆ.

ತಂದಿದ್ದು ನಮ್ಮ ಬೆಕ್ಕು ಬೆಳ್ಳಿಗೆ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಸೀನು ಬೇರೆ. ಡಾಕ್ಟರ್ ನೋಡಿ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಮಾತ್ರೆ ಬರೆದರು. ಅದೇ ಹೊತ್ತಿಗೆ ನಮ್ಮ ನಾಟಿ ನಾಯಿ ಕರಿಯನಿಗೆ ಹೊಟ್ಟೆಯ ಚರ್ಮದ ಮೇಲೆ ಕೀವು ಗುಳ್ಳೆ ಎದ್ದು ಸೆಫಲೆಕ್ಸಿನ್ ಅನ್ನುವ ಇನ್ನೊಂದು ಆ್ಯಂಟಿಬಯೋಟಿಕ್ ಶುರುವಾಗಿತ್ತು. ಹಾಗಾಗಿ ಒಂದೇ ಗನ್ನನ್ನು ಎರಡು ಬಾಯಲ್ಲೂ ಪರೀಕ್ಷೆ ಮಾಡಿದಂತಾಯಿತು.

ಮೊದಲು ಒಳ್ಳೆಯದು. ಬೆಳ್ಳಿಯ ಹಲ್ಲಿಗೂ ನನ್ನ ಬೆರಳಿಗೂ ನಡುವೆ ಅಂತರ ಸಿಕ್ಕಿತು. ಹಳೆ ಕಾಟನ್ ಪಂಚೆಯಲ್ಲಿ ಕುತ್ತಿಗೆವರೆಗೆ ಸುತ್ತಿ, ಬಾಯಿಯ ಪಕ್ಕದಿಂದ ತುದಿ ತೂರಿಸಿ, ನಾಲಿಗೆಯ ಉಬ್ಬಿನ ಹಿಂದೆ ಮಾತ್ರೆ ಬಿಟ್ಟರೆ ನುಂಗಿಬಿಡುತ್ತಾಳೆ. ನಾಲಿಗೆಯ ಮುಂಭಾಗಕ್ಕೆ ಬಿದ್ದರೆ ಮಾತ್ರ ಕಥೆ ಮುಗಿಯಿತು. ಕಹಿ ತಗುಲಿ ಬಾಯಲ್ಲಿ ನೊರೆ, ಗೋಡೆ ತುಂಬ ಜೊಲ್ಲು. ಜೊಲ್ಲು ನೋಡಿ ಗಾಬರಿ ಬೇಡ, ಅದು ಬರೀ ಕಹಿಗೆ. ಮುಖ ಊದಿಕೊಂಡರೆ, ಉಸಿರು ಕಷ್ಟವಾದರೆ ಅದು ಬೇರೆ ವಿಷಯ. ಆಗ ತಕ್ಷಣ ಆಸ್ಪತ್ರೆಗೆ ಓಡಬೇಕು.

ಇನ್ನು ನನ್ನ ದೊಡ್ಡ ದೂರು. ಪೊಟ್ಟಣದ ಮೇಲೆ ನಗುವ ಬೆಕ್ಕಿನ ಚಿತ್ರ ಇದೆ, ಮಾತ್ರೆ ಹಾಕಿದ ಮೇಲೆ ನೀರು ಕುಡಿಸಿ ಅನ್ನುವ ಒಂದು ಸಾಲು ಇಲ್ಲ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಸುಲಭವಾಗಿ ಅಂಟಿಕೊಂಡು ನಿಲ್ಲುತ್ತದೆ. ಡಾಕ್ಸಿಸೈಕ್ಲಿನ್ ಹಾಗೆ ನಿಂತರೆ ಅಲ್ಲೇ ಸುಟ್ಟು ಹುಣ್ಣು ಮಾಡುತ್ತದೆ. ಹುಣ್ಣು ಮಾಯುವಾಗ ನಾಳವೇ ಕಿರಿದಾಗಿ, ಮುಂದೆ ಊಟ ಇಳಿಯದ ಸ್ಥಿತಿ ಬರಬಹುದು. ಕ್ಲಿಂಡಾಮೈಸಿನ್ ಅನ್ನುವ ಆ್ಯಂಟಿಬಯೋಟಿಕ್‌ಗೂ ಇದೇ ಎಚ್ಚರಿಕೆ. ಡಾಕ್ಟರ್ ಬರೆದುಕೊಡುವಾಗಲೇ ಹೇಳಿದ್ದರು: ಮಾತ್ರೆ ಹೋದ ಕೂಡಲೇ ಸುಮಾರು 6 ಮಿಲಿ ನೀರು, ಇಲ್ಲವೇ ಒಂದಿಷ್ಟು ಒದ್ದೆ ಆಹಾರ. ಮೆಡಿಕಲ್ ಶಾಪ್‌ನಲ್ಲಿ ಸೂಜಿ ಇಲ್ಲದ ಸಿರಿಂಜ್ ಚಿಲ್ಲರೆ ಕಾಸಿಗೆ ಸಿಗುತ್ತದೆ. ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು, ನುಂಗಲು ಬಿಡುವು ಕೊಡಬೇಕು. ತಲೆ ಮೇಲಕ್ಕೆತ್ತಿ ಸುರಿದರೆ ನೀರು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಇಷ್ಟನ್ನು ಪೊಟ್ಟಣದ ಹಿಂದೆ ಅಚ್ಚು ಹಾಕಲು ಎಷ್ಟು ಖರ್ಚಾಗುತ್ತಿತ್ತು?

ಎರಡನೇ ದೂರು ರಬ್ಬರ್ ತುದಿಯದ್ದು. ಪೂರ್ತಿ ಮಾತ್ರೆಯನ್ನು ಚೆನ್ನಾಗಿ ಹಿಡಿಯುತ್ತದೆ, ಮುರಿದ ಚೂರನ್ನು ಹಿಡಿಯುವುದಿಲ್ಲ. ಬೆಕ್ಕಿನ ತೂಕಕ್ಕೆ ಬರೆಯುವುದು ಹೆಚ್ಚಾಗಿ ಚೂರೇ ಅಲ್ವಾ! ತೊಳೆದು ತೊಳೆದು ತುದಿ ಸಡಿಲವಾಗುತ್ತದೆ. ಪ್ರತಿ ಸಲ ಎಳೆದು ನೋಡಿಯೇ ಬಾಯಿಗಿಡುತ್ತೇನೆ, ಕಳಚಿಕೊಂಡರೆ ಗಂಟಲಿಗೇ ಹೋಗುತ್ತದೆ. ಬಿಡಿ ತುದಿ ಬೇರೆ ಮಾರುವುದಿಲ್ಲವಂತೆ.

ಕರಿಯನ ವಿಷಯದಲ್ಲಿ ಈ ಗನ್ ಸುಮ್ನೆ ದಂಡ. ಅವನ ಕ್ಯಾಪ್ಸೂಲ್ ಸೀಳಿನಲ್ಲಿ ಕೂರುವುದೂ ಇಲ್ಲ, ಕೂರುವ ಅಗತ್ಯವೂ ಇಲ್ಲ. ಮುದ್ದೆ ನುಂಗುವುದರಲ್ಲಿ ಅವನು ಮಂಡ್ಯದವರಿಗೆ ಸಮ. ಮೂರು ಸಣ್ಣ ಉಂಡೆ ಮಾಡುತ್ತೇನೆ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಕ್ಯಾಪ್ಸೂಲ್, ಮೂರನೆಯದನ್ನು ಮೂಗಿನ ಮುಂದೆ ಹಿಡಿದಿರುತ್ತೇನೆ. ಅದರ ಆಸೆಗೆ ಎರಡನೆಯದು ಅಗಿಯದೆ ಇಳಿಯುತ್ತದೆ. ಆದರೆ ಎಲ್ಲ ಔಷಧಿಗೂ ಮುದ್ದೆ ನಡೆಯುವುದಿಲ್ಲ, ಹುಷಾರು. ಡಾಕ್ಸಿಸೈಕ್ಲಿನ್ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ, ಆಮೇಲೆ ಮೈಗೆ ಹತ್ತುವುದು ಕಡಿಮೆ. ಅದಕ್ಕೆ ಹಾಲು, ಮೊಸರು ಬೇಡ ಅನ್ನುವುದು. ರಾಗಿಯಲ್ಲೂ ಕ್ಯಾಲ್ಸಿಯಂ ಜಾಸ್ತಿ. ಆ ಔಷಧಿ ನಾಯಿಗೆ ಬಂದರೆ ಯಾವುದರಲ್ಲಿ ಮುಚ್ಚಿ ಕೊಡಲಿ ಎಂದು ಡಾಕ್ಟರನ್ನೇ ಕೇಳಿ. ಪೀನಟ್ ಬಟರ್ ಹಚ್ಚುವವರು ಡಬ್ಬಿಯ ಮೇಲೆ ಕ್ಸೈಲಿಟಾಲ್ ಅಂತ ಇದೆಯಾ ನೋಡಿ. ಆ ಸಿಹಿ ನಾಯಿಗೆ ವಿಷ. ಮನುಷ್ಯರ ಕೆಲವು ಸಿರಪ್‌ಗಳಲ್ಲೂ ಇರುತ್ತದೆ.

ಪುಡಿ ಮಾಡಿ ಅನ್ನಕ್ಕೆ ಬೆರೆಸಿದರಾಯಿತು ಎಂದು ನಮ್ಮತ್ತೆಯ ಸಲಹೆ. ಬೆಕ್ಕಿನ ಮುಂದೆ ಅದು ನಡೆಯುವುದಿಲ್ಲ. ಕಹಿ ಗೊತ್ತಾದ ಕೂಡಲೇ ತಟ್ಟೆ ಬಿಟ್ಟು ಹೋಗುತ್ತದೆ, ಆ ಊಟದ ಮೇಲೇ ಜಿಗುಪ್ಸೆ ಬರುತ್ತದೆ. ಊಟ ಬಿಟ್ಟ ಬೆಕ್ಕಿನ ಲಿವರ್ ಬೇಗ ಕೆಡುತ್ತದೆ, ವಿಶೇಷವಾಗಿ ದಪ್ಪ ಬೆಕ್ಕಿನದು.

ಗನ್ ಬೇಡ ಎನ್ನುವವರಿಗೆ ಸಿರಪ್ ಇದೆ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅನ್ನುವ ಆ್ಯಂಟಿಬಯೋಟಿಕ್ ಪುಡಿಗೆ ನೀರು ಬೆರೆಸಿದ ಮೇಲೆ ಫ್ರಿಜ್‌ನಲ್ಲೇ ಇಡಬೇಕು, ಪ್ರತಿ ಸಲ ಅಲ್ಲಾಡಿಸಬೇಕು, ಲೇಬಲ್‌ನಲ್ಲಿ ಹೇಳಿದ ದಿನ ದಾಟಿದರೆ ಉಳಿದದ್ದನ್ನು ಬಿಸಾಡಬೇಕು. ಅಳತೆ ಸಿರಿಂಜ್‌ನಲ್ಲಿ, ಚಮಚದಲ್ಲಲ್ಲ.

ಅಂಗಡಿಯ ಬಗ್ಗೆಯೂ ಒಂದು ಮಾತು. ಗನ್ ಪ್ಯಾಕ್ ಮಾಡುತ್ತಾ ಅಲ್ಲಿಯ ಹುಡುಗ, ‘ಡಾಕ್ಟರ್ ಹತ್ರ ಯಾಕೆ ಹೋಗ್ತೀರಾ, ಎನ್ರೋಫ್ಲಾಕ್ಸಾಸಿನ್ ಇದೆ, ಎಲ್ಲದಕ್ಕೂ ಕೆಲಸ ಮಾಡುತ್ತೆ’ ಅಂದ. ಮಾತ್ರೆ ಪಟ್ಟಿಯ ಮೇಲೆ ಕೆಂಪು ಗೆರೆ ಎಳೆದಿರುವುದು ಡಾಕ್ಟರ್ ಚೀಟಿ ಇಲ್ಲದೆ ಕೊಡಬೇಡಿ ಎಂದೇ. ಅದರ ಮೇಲೆ ಈ ಆ್ಯಂಟಿಬಯೋಟಿಕ್ ಅಳತೆ ಮೀರಿದರೆ ಬೆಕ್ಕಿನ ಕಣ್ಣಿನ ರೆಟಿನಾ ಹಾಳಾಗಿ ಕುರುಡಾಗಬಹುದು. ಹುಡುಗನಿಗೆ ಹೇಳಿದೆ, ನಕ್ಕು ಸುಮ್ಮನಾದ.

ಗನ್‌ಗೆ ಐದಕ್ಕೆ ಮೂರು ಕೊಡುತ್ತೇನೆ. ಕೊಳ್ಳುವುದಾದರೆ ತುದಿ ಸಿಲಿಕೋನ್‌ನದ್ದಾಗಿರಲಿ, ಸೀಳು ಸಣ್ಣದಿರಲಿ. ಅಂಗಡಿಯಲ್ಲೇ ಯಾವುದಾದರೂ ಮಾತ್ರೆಯ ಅರ್ಧ ಚೂರು ಸಿಕ್ಕಿಸಿ, ತಲೆಕೆಳಗೆ ಹಿಡಿದು ನೋಡಿ. ಬಿದ್ದರೆ ವಾಪಸ್ ಕೊಡಿ.